ಗೋಡೆಯ ಮೇಲೆ ಬರೆಯಬಾರದ ಪದ

ಗೌನುಗಳ ಪ್ರದರ್ಶನ ಮಾಡಿಕೊಡಿ ಎಂದಷ್ಟೇ ನಮಗೆ ಬಂದ ಕೆಲಸ.

ಅಹಮದಾಬಾದಿನ ಖಾಸಗಿ ಮಹಿಳಾ ಕಾಲೇಜೊಂದಕ್ಕೆ ಅಮೆರಿಕದಿಂದ ಅಧ್ಯಾಪಕಿಯರ ತಂಡ ಬರುವುದಿತ್ತು. ಆ ನೆಪದಲ್ಲಿ ಅಲ್ಲಿಯ ಅಧ್ಯಕ್ಷರ ಪತ್ನಿಯರ ಬಗ್ಗೆ, ಅಂದರೆ 'ಫಸ್ಟ್ ಲೇಡಿ' ಎಂದು ಕರೆಸಿಕೊಳ್ಳುವವರ ಬಗ್ಗೆ, ಒಂದು ಪ್ರದರ್ಶನ ಆಗಬೇಕು, ಇಲ್ಲಿ ಮುಗಿದ ಮೇಲೆ ಅದು ವಡೋದರಾಕ್ಕೂ ಸೂರತ್‌ಗೂ ಹೋಗಬೇಕು ಎಂದು ಕಾಲೇಜಿನ ಟ್ರಸ್ಟ್ ತೀರ್ಮಾನಿಸಿತ್ತು. ಟ್ರಸ್ಟಿನ ಯಜಮಾನರನ್ನು ಎಲ್ಲರೂ ಶೇಠ್ ಎನ್ನುತ್ತಿದ್ದರು. ವಡೋದರಾದ ಮಕರಪುರದಲ್ಲಿ ಅವರದು ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆ. ಅವರ ಪತ್ನಿಯನ್ನು ಎಲ್ಲರೂ ಭಾಭಿ ಎನ್ನುತ್ತಿದ್ದರು. ಭಾಭಿಗೆ ಟ್ರಸ್ಟಿನಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಆದರೆ ಹಾಸ್ಟೆಲಿಗೆ ಅಡುಗೆಯವರನ್ನು ಗೊತ್ತುಮಾಡುವುದರಿಂದ ಹಿಡಿದು, ಮಗಳ ಓದು ಬಿಡಿಸಲು ಬಂದ ಅಪ್ಪಂದಿರನ್ನು ಕೂರಿಸಿ ಚಹಾ ಕುಡಿಸಿ ಮನಸ್ಸು ಬದಲಿಸಿ ಕಳಿಸುವತನಕ ಎಲ್ಲವೂ ಅವರ ಕೈಯಲ್ಲೇ ನಡೆಯುತ್ತಿತ್ತು.

"ಹನ್ನೆರಡು ಬೊಂಬೆ, ಹನ್ನೆರಡು ಗೌನು, ಕೆಂಪು ಕಾರ್ಪೆಟ್" ಎಂದರು ಶೇಠ್ ಮೊದಲ ಸಭೆಯಲ್ಲಿ. "ಹಿಂದೆ ಆ ವೈಟ್ ಹೌಸ್‌ನ ದೊಡ್ಡ ಕಟೌಟ್. ಹುಡುಗಿಯರು ಫೋಟೋ ತೆಗೆಸಿಕೊಳ್ತಾರೆ. ಇನ್ನೇನು ಬೇಕು?"

ನಾನು ಧಾರವಾಡದವಳು. ಓದಲು ಬಂದು ಅಹಮದಾಬಾದಿನಲ್ಲೇ ಉಳಿದೆ. ಪ್ರದರ್ಶನಗಳ ವಿನ್ಯಾಸ ನನ್ನ ಕಸುಬು. ಬೋಡಕ್‌ದೇವ್‌ನಲ್ಲಿ ಬಾಡಿಗೆಯ ಫ್ಲ್ಯಾಟು, ಅದರ ಹಜಾರವೇ ಆಫೀಸು. ಜೊತೆಗೆ, ಫಲಕಗಳ ಬರವಣಿಗೆ ನೋಡಿಕೊಳ್ಳುವ ಒಬ್ಬಳು ಮಂಡ್ಯದ ಹುಡುಗಿ. ಅವಳು ವಾರವಿಡೀ ಓದಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು.

"ಅಕ್ಕ, ಇವ್ರಿಗೆ ಸಂಬಳಾನೇ ಇಲ್ಲ ಕಣಕ್ಕ. ಸಂವಿಧಾನದಲ್ಲಿ ಇವ್ರ ಬಗ್ಗೆ ಒಂದ್ ಸಾಲೂ ಇಲ್ಲ. ಗಂಡ ಗೆದ್ರೆ ಕೆಲ್ಸ, ಗಂಡ ಸೋತ್ರೆ ರಜಾ."

"ಅದನ್ನ ಬರಿಯವ್ವಾ" ಎಂದೆ. "ಮೊದಲನೇ ಸಾಲು ಅದ ಇರ್ಲಿ."

ಓದುತ್ತ ಹೋದಂತೆ ಗೌನುಗಳು ಹಿಂದೆ ಸರಿದವು. ಮೊದಮೊದಲು ಆ ಸ್ಥಾನಕ್ಕೊಂದು ಹೆಸರೂ ಇರಲಿಲ್ಲ. ಅಧ್ಯಕ್ಷ ವಿಧುರನಾಗಿದ್ದರೆ ಮಗಳು, ಮದುವೆಯಾಗದವನಾಗಿದ್ದರೆ ಸೋದರ ಸೊಸೆಯೋ ತಂಗಿಯೋ ಬಂದು ಮನೆಯ ಅತಿಥಿಗಳನ್ನು ನೋಡಿಕೊಳ್ಳಬೇಕು. ಶತ್ರುಸೈನ್ಯ ರಾಜಧಾನಿಗೆ ನುಗ್ಗಿದಾಗ ಮೊದಲ ಅಧ್ಯಕ್ಷನ ಭಾವಚಿತ್ರವನ್ನು ಬೆಂಕಿಯಿಂದ ಉಳಿಸಿದವಳೆಂದು ಒಬ್ಬಳು ಹೆಸರಾದಳು. ಗೋಡೆಯಿಂದ ಅದನ್ನು ಇಳಿಸಿದವರು ಮನೆಯ ಕೆಲಸದವರು, ಆ ಮನೆಯಲ್ಲಿ ಗುಲಾಮರೂ ಇದ್ದರು ಎಂಬುದನ್ನು ನಾವು ಅದೇ ಫಲಕದಲ್ಲಿ ಬರೆದೆವು. ಇನ್ನೊಬ್ಬಳು ಪಾರ್ಶ್ವವಾಯು ಬಡಿದ ಗಂಡನ ಕೋಣೆಯ ಬಾಗಿಲು ಕಾದು, ಯಾವ ಕಡತ ಒಳಗೆ ಹೋಗಬೇಕು, ಯಾರು ಹೋಗಬಾರದು ಎಂದು ತಾನೇ ನಿರ್ಧರಿಸಿದಳು. ಮತ್ತೊಬ್ಬಳು ತನ್ನ ಪತ್ರಿಕಾಗೋಷ್ಠಿಗೆ ಹೆಂಗಸರಿಗೆ ಮಾತ್ರ ಪ್ರವೇಶ ಎಂದಳು. ಗಂಡಸರನ್ನೇ ತುಂಬಿಕೊಂಡಿದ್ದ ಪತ್ರಿಕೆಗಳು ಆಕೆಯ ಸುದ್ದಿಗಾಗಿಯಾದರೂ ವರದಿಗಾರ್ತಿಯರನ್ನು ಇಟ್ಟುಕೊಳ್ಳಬೇಕಾಯಿತು. ಒಬ್ಬಳು ಮಂತ್ರಿಮಂಡಲದ ಸಭೆಯಲ್ಲಿ ಹೋಗಿ ಕೂತಳು. ಒಬ್ಬಳು ಆ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗಿ ಪಾಠ ಮಾಡಿ ತನ್ನ ಸಂಬಳ ತಾನು ತಂದಳು.

ಎಪ್ಪತ್ತರ ದಶಕದ ಒಬ್ಬಳು ಇದ್ದಳು. ಗಂಡ ಅಧ್ಯಕ್ಷನಾಗಿ ಕೆಲವೇ ವಾರಗಳಾಗಿದ್ದವು. ಅವಳಿಗೆ ಸ್ತನ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು, ಶಸ್ತ್ರಚಿಕಿತ್ಸೆಯಾಯಿತು. ದೊಡ್ಡವರ ಮನೆಯ ಕಾಯಿಲೆಗಳನ್ನು ಮುಚ್ಚಿಡುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಅವಳು ಮುಚ್ಚಿಡಲು ಒಪ್ಪಲಿಲ್ಲ. ಸುದ್ದಿ ಓದಿದ ಹೆಂಗಸರು ದೇಶದುದ್ದಕ್ಕೂ ತಪಾಸಣೆಗೆ ಸಾಲು ನಿಂತರು.

ಎರಡನೆಯ ಸಭೆಗೆ ನಾನು ಬೊಂಬೆಗಳನ್ನು ಬಿಟ್ಟು ಬೇರೆಯದೇ ಯೋಜನೆ ಒಯ್ದೆ. ಆಳೆತ್ತರದ ಚೌಕಟ್ಟುಗಳು. ಮುಂಭಾಗದ ಬಟ್ಟೆಯ ಮೇಲೆ ಗೌನಿನ ಚಿತ್ರ, ನಿಜವಾದ ಅಳತೆಯಲ್ಲಿ. ಸುತ್ತಿ ಹಿಂದೆ ಬಂದರೆ ಇನ್ನೊಂದು ಬಟ್ಟೆ, ಅದರ ಮೇಲೆ ಆ ಹೆಂಗಸು ಮಾಡಿದ ಕೆಲಸ, ಗುಜರಾತಿಯಲ್ಲೂ ಇಂಗ್ಲಿಷಿನಲ್ಲೂ. ಓದಲು ಅನುಕೂಲವಾಗಲೆಂದು ಹಿಂಬದಿಯ ಪ್ರತಿ ಬಟ್ಟೆಗೂ ಮೇಲಿನಿಂದ ಒಂದು ದೀಪ.

"ನಾನು ಕೇಳಿದ್ದು ಇದಲ್ಲ" ಎಂದರು ಶೇಠ್.

"ಗೌನು ಮಾತ್ರ ಇಟ್ಟರೆ ಅದು ಬಟ್ಟೆ ಅಂಗಡಿ ಆಗುತ್ತೆ ಸಾಹೇಬ್. ಅದಕ್ಕೆ ನಾನು ಬೇಕಿಲ್ಲ."

ಶೇಠ್ ಮುಖ ಬಿಗಿದುಕೊಂಡರು. ಮೂಲೆಯಲ್ಲಿ ಕೂತಿದ್ದ ಭಾಭಿ, ಅತಿಥಿಗಳ ಊಟದ ಪಟ್ಟಿಯ ಮೇಲಿಂದ ಕಣ್ಣೆತ್ತದೆ, "ಗೌನು ನೋಡೋಕೆ ಬರ್ತಾರೆ, ಓದಿಕೊಂಡು ಹೋಗ್ತಾರೆ. ಚೆನ್ನಾಗಿದೆ" ಎಂದರು. ಅಲ್ಲಿಗೆ ಅದು ಒಪ್ಪಿಗೆಯಾಯಿತು.

ಬಟ್ಟೆ ಅಚ್ಚಾದದ್ದು ಸೂರತ್‌ನ ಪಾಂಡೇಸರಾದ ಒಂದು ಮಿಲ್‌ನಲ್ಲಿ. ಮೊದಲು ಕಾಗದದ ಮೇಲೆ ಮುದ್ರಿಸಿ, ಕಾದ ರೋಲರಿನ ಕೆಳಗೆ ಪಾಲಿಯೆಸ್ಟರ್ ಬಟ್ಟೆಯ ಜೊತೆ ಒತ್ತಿದರೆ ಬಣ್ಣ ಆವಿಯಾಗಿ ಎಳೆಯೊಳಗೆ ಇಳಿಯುತ್ತದೆ. ಸೀರೆಗಳಿಗೆ ಮಾಡುವ ಕೆಲಸವೇ. ಬಟ್ಟೆಯ ಮೊದಲ ಸುರುಳಿ ಬಿಚ್ಚಿದಾಗ ನನಗೆ ಅಳು ಬರುವುದೊಂದು ಬಾಕಿ. ಬಿಸಿಗೆ ಬಟ್ಟೆ ಉದ್ದಕ್ಕೆ ಕುಗ್ಗಿತ್ತು. ನೀಳವಾಗಿರಬೇಕಾದ ಗೌನುಗಳೆಲ್ಲ ಗಿಡ್ಡಗಾಗಿ ಉಬ್ಬಿಕೊಂಡಿದ್ದವು. ಹಿಂಬದಿಯ ಗುಜರಾತಿ ಬರಹದಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಿನುದ್ದಕ್ಕೂ ಚೆಲ್ಲಿಕೊಂಡಿದ್ದವು.

ಅಲ್ಲಿ ಹೆಂಗಸರನ್ನೆಲ್ಲ ಕರೆಯುವಂತೆ ನನ್ನನ್ನೂ 'ಬೆನ್', ಅಂದರೆ ಅಕ್ಕ, ಎಂದು ಕರೆದು ಮಿಲ್‌ನ ಪ್ರಿಂಟಿಂಗ್ ಮಾಸ್ತರು ನಕ್ಕರು. "ಬೆನ್, ಮಷೀನಿಗೆ ಗುಜರಾತಿ ಬರಲ್ಲ, ಚಿತ್ರ ಬರುತ್ತೆ. ಅಕ್ಷರಾನೂ ಚಿತ್ರ ಮಾಡಿ ಕಳಿಸಿ."

ತಪ್ಪು ನಮ್ಮದೇ. ಅಕ್ಷರಗಳನ್ನು ಆಕಾರಗಳಾಗಿ ಬದಲಿಸದೆ ಕಡತ ಕಳಿಸಿದ್ದೆವು. ಪೂರ್ತಿ ಮತ್ತೆ ಮಾಡಿದೆವು. ಕುಗ್ಗುವುದಕ್ಕೆ ಬೇರೆ ಉಪಾಯ: ಚೌಕುಳಿ ಗೆರೆ ಎಳೆದ ಒಂದು ತುಂಡು ಮುದ್ರಿಸಿ, ಒತ್ತಿದ ಮೇಲೆ ಅಳೆದು, ಎಷ್ಟು ಕುಗ್ಗಿತೋ ಅಷ್ಟನ್ನು ಮೊದಲೇ ಉದ್ದಕ್ಕೆ ಎಳೆದು ಮುದ್ರಿಸುವುದು. ಚೌಕಟ್ಟುಗಳನ್ನು ಶೇಠ್ ತಮ್ಮ ಕಾರ್ಖಾನೆಯಲ್ಲೇ ಮಾಡಿಸಿಕೊಟ್ಟರು. ಅಲ್ಲಿಯ ಬೆಸುಗೆ ಅಚ್ಚುಕಟ್ಟು. ಆದರೆ ಪಾದಗಳು ಹಗುರಾಗಿದ್ದವು; ಫ್ಯಾನ್ ಹಾಕಿದರೆ ಬಟ್ಟೆ ಹಾಯಿಯಂತೆ ಗಾಳಿ ಹಿಡಿದು ಚೌಕಟ್ಟು ನಡೆಯತೊಡಗುತ್ತಿತ್ತು. ಟ್ರಾನ್ಸ್‌ಫಾರ್ಮರಿಗೆ ಕತ್ತರಿಸಿ ಉಳಿದ ಉಕ್ಕಿನ ತಗಡುಗಳನ್ನು ಕಟ್ಟುಕಟ್ಟಾಗಿ ಪಾದದೊಳಗೆ ತುಂಬಿ ನಿಲ್ಲಿಸಿದೆವು.

ಕಾಲೇಜಿನ ಸಭಾಂಗಣದಲ್ಲಿ ಎಲ್ಲವನ್ನೂ ತೂಗುಹಾಕಿದ ದಿನ ಭಾಭಿ ಬಂದರು. ಒಂದೊಂದನ್ನೇ ಸುತ್ತಿ, ಹಿಂದೆ ನಿಂತು, ಪೂರ್ತಿ ಓದುತ್ತ ಬಂದರು. ಅಷ್ಟು ನಿಧಾನವಾಗಿ ಓದಿದ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹತ್ತಿರ ಹತ್ತಿರ ಕೊನೆಗೆ ಬಂದವರು ನಿಂತುಬಿಟ್ಟರು.

"ಬೆನ್, ಇದು ಬೇಡ."

"ಯಾವುದು ಭಾಭಿ?"

ಅವರು ಪದವನ್ನು ಹೇಳಲಿಲ್ಲ, ಬೆರಳಿಟ್ಟು ತೋರಿಸಿದರು. ಸ್ತನ. ಕನ್ನಡಕ್ಕೂ ಗುಜರಾತಿಗೂ ಅದು ಒಂದೇ ಪದ; ಎರಡೂ ಕಡೆ ಅದನ್ನು ಹೇಳುವಾಗ ದನಿ ಇಳಿಯುತ್ತದೆ.

"ಗಂಭೀರ ಕಾಯಿಲೆ ಅಂತ ಬರೆಯಿರಿ. ಅರ್ಥ ಆಗೋರಿಗೆ ಆಗುತ್ತೆ."

"ಭಾಭಿ, ಆ ಹೆಸರನ್ನ ಹೇಳಿದ್ದೇ ಆಕೆ ಮಾಡಿದ ಕೆಲಸ. ಅದನ್ನ ತೆಗೆದರೆ ಆಸ್ಪತ್ರೆಗೆ ಹೋಗಿ ಬಂದಳು ಅನ್ನೋದಷ್ಟೇ ಉಳಿಯುತ್ತೆ."

"ನೀವು ನಾಳೆ ಇದನ್ನೆಲ್ಲ ಬಿಚ್ಚಿಕೊಂಡು ಹೋಗ್ತೀರಿ. ಇಲ್ಲಿರೋಳು ನಾನು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲಿಗೆ ಬರೋ ಹುಡುಗಿಯರಲ್ಲಿ ಅರ್ಧ ಜನರ ಮನೆಯಲ್ಲಿ ಅಜ್ಜಂದಿರು ಓದು ಬಿಡಿಸೋಕೆ ಒಂದು ನೆಪಕ್ಕೆ ಕಾಯ್ತಾ ಇರ್ತಾರೆ. ಒಂದೊಂದು ಹುಡುಗಿಯನ್ನ ಗೇಟಿನೊಳಗೆ ತರೋಕೆ ನಾನು ಏನು ಪಾಡು ಪಟ್ಟಿದೀನಿ ನಿಮಗೆ ಗೊತ್ತಾ? ಗೋಡೆ ಮೇಲೆ ಈ ಪದ ನೋಡಿ ಒಬ್ಬ ಮಗಳನ್ನ ಮನೆಗೆ ಕರ್ಕೊಂಡು ಹೋದರೆ ನಿಮ್ಮ ಪ್ರದರ್ಶನ ಅವಳಿಗೆ ಡಿಗ್ರಿ ಕೊಡುತ್ತಾ?"

ಬಟ್ಟೆಯನ್ನು ಹಾಗೆಯೇ ಬಿಟ್ಟು ಮನೆಗೆ ಹೋದೆ. ಸಂಜೆಗೆ ಶೇಠ್ ಫೋನ್ ಮಾಡಿ ಇನ್ನೊಂದು ದಾರಿ ಸೂಚಿಸಿದರು: ಆ ಸಾಲು ಇಂಗ್ಲಿಷಿನಲ್ಲಿ ಮಾತ್ರ ಇರಲಿ, ಸಣ್ಣ ಅಕ್ಷರದಲ್ಲಿ, ಅತಿಥಿಗಳು ಓದಿಕೊಳ್ಳಲಿ. ಅದು ನನ್ನನ್ನು ಕೆರಳಿಸಿತು. ಆಗದು ಎಂದೆ.

ಮಂಡ್ಯದ ಹುಡುಗಿ ತಲೆ ಹಿಡಿದುಕೊಂಡು ಕೂತಿದ್ದಳು. "ಒಪ್ಕೊಂಡ್ಬಿಡಿ ಅಕ್ಕ. ಒಂದು ಪದ. ಮಿಕ್ಕಿದ್ದೆಲ್ಲ ಉಳಿಯುತ್ತಲ್ಲ."

"ಆಕಿ ತನ್ನ ಬಾಯಿಲೆ ಹೇಳ್ಯಾಳ. ಇಷ್ಟ ವರ್ಷ ಆದಮ್ಯಾಲೆ ಅದನ್ನ ಮುಚ್ಚಾಕ ನಾವ್ಯಾರು? ಅದೂ ಹೆಣ್ಮಕ್ಕಳ ಕಾಲೇಜಿನ್ಯಾಗ?"

"ಹಂಗಾದ್ರೆ ಕೆಲ್ಸ ಹೋಗುತ್ತೆ."

"ಹೋಗ್ಲಿ."

ಅಂದೆನೇ ಹೊರತು ನಿದ್ದೆ ಬರಲಿಲ್ಲ. ಬೆಳಿಗ್ಗೆ ಸಭಾಂಗಣಕ್ಕೆ ಹೋಗಿ ಆ ಚೌಕಟ್ಟಿನ ಹಿಂದೆ ನಿಂತಾಗ ನಿರ್ಧಾರ ತಾನಾಗಿ ಬಂತು. ಬರಹದ ಬಟ್ಟೆಯನ್ನು ನಾನೇ ಬಿಚ್ಚಿದೆ. ಅದೇ ಅಳತೆಯ ಬಿಳಿ ಬಟ್ಟೆಯನ್ನು, ಒಂದಕ್ಷರವೂ ಇಲ್ಲದ್ದನ್ನು, ಅಲ್ಲಿ ಬಿಗಿದೆ. ದೀಪ ಹಚ್ಚಿದೆ. ಭಾಭಿಯನ್ನು ಕರೆಸಿ ತೋರಿಸಿದೆ.

"ಸುಳ್ಳು ಪದ ಹಾಕೋದಿಲ್ಲ ಭಾಭಿ. ಬೇಡ ಅಂದ್ರಿ, ತೆಗೆದಿದೀನಿ. ಆದರೆ ಚೌಕಟ್ಟು ಇಲ್ಲೇ ಇರುತ್ತೆ, ದೀಪ ಆರೋದಿಲ್ಲ. ಇಲ್ಲೇನಿತ್ತು ಅಂತ ಯಾರಾದರೂ ಕೇಳಿದರೆ ನಾವು ಸುಳ್ಳೂ ಹೇಳೋದಿಲ್ಲ. ಇದಕ್ಕೂ ಆಗಲ್ಲ ಅಂದರೆ ಎಲ್ಲಾ ಬಿಚ್ಚಿ ಲಾರಿಗೆ ಹಾಕ್ತೀನಿ."

ಅವರು ಬಿಳಿ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಖಾಲಿ ಬಟ್ಟೆ ಯಾರು ಕೇಳ್ತಾರೆ? ಇರಲಿ ಬಿಡಿ."

ಪ್ರದರ್ಶನ ತೋರಿಸಲು ಕಾಲೇಜಿನ ವಿದ್ಯಾರ್ಥಿನಿಯರನ್ನೇ ತಯಾರು ಮಾಡಿದ್ದೆವು. ಅವರಲ್ಲಿ ಚುರುಕಾದ ಒಬ್ಬಳು, ಮೂರನೇ ವರ್ಷದವಳು, ಕೈಯೆತ್ತಿದಳು. "ದೀದಿ, ಈ ಖಾಲಿ ಬಟ್ಟೆ ಬಗ್ಗೆ ಕೇಳಿದರೆ ಏನು ಹೇಳ್ಲಿ?"

"ಇಲ್ಲಿ ಏನಿತ್ತೋ ಅದನ್ನೇ."

ಅವಳು ಅಭ್ಯಾಸಕ್ಕೆಂದು ಹೇಳಲು ಹೋದಳು. ಆ ಪದವನ್ನು ಮಾತ್ರ ಪಿಸುಗುಟ್ಟಿದಳು. ಗೆಳತಿಯರು ಕಿಸಕ್ಕೆಂದರು. ಮತ್ತೆ ಹೇಳಿದಳು, ಮತ್ತೆ. ನಗು ನಿಂತಿತು. ಅದಾದ ಮೇಲೆ ಪದವೂ ಉಳಿದ ಪದಗಳಷ್ಟೇ ದನಿಯಲ್ಲಿ ಬಂತು.

ಕೇಳುವವರು ಇಲ್ಲದೆ ಇರಲಿಲ್ಲ. ಎಲ್ಲ ಕಡೆ ಬರಹವಿದ್ದು ಒಂದೇ ಕಡೆ ಇಲ್ಲದಿದ್ದರೆ ಜನ ಅಲ್ಲೇ ನಿಲ್ಲುತ್ತಾರೆ ಎಂಬುದು ನನ್ನ ಕಸುಬಿನ ಮೊದಲ ಪಾಠ. ಅತಿಥಿ ಅಧ್ಯಾಪಕಿಯರು ಕೇಳಿದರು, ಹುಡುಗಿಯರು ಕೇಳಿದರು, ಅವರ ಅಮ್ಮಂದಿರು ಕೇಳಿದರು. ಮೂರನೇ ವರ್ಷದ ಹುಡುಗಿ ಹೇಳಿದಳು. ಒಬ್ಬ ತಂದೆ ಅದನ್ನು ಕೇಳಿ ಮಗಳ ತೋಳು ಹಿಡಿದು ಹೊರಗೆ ಕರೆದೊಯ್ದರು. ಭಾಭಿ ಅವರನ್ನು ಆಫೀಸಿನಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಮಗಳು ಕಾಲೇಜಿನಲ್ಲಿ ಉಳಿದಳು, ಆದರೆ ಪ್ರದರ್ಶನದ ಕಡೆಗೆ ಮತ್ತೆ ಬರಲಿಲ್ಲ.

"ನೋಡಿದಿರಾ?" ಎಂದರು ಭಾಭಿ ನನಗೆ.

"ನೋಡಿದೆ" ಎಂದೆ. ಅವರು ಹೇಳಿದ್ದು ನಿಜವಾಗಿತ್ತು. ಆದರೂ ದೀಪ ಆರಿಸಲಿಲ್ಲ.

ವಡೋದರಾದಲ್ಲಿ ಪ್ರದರ್ಶನಕ್ಕೆ ಜಾಗ ಮಕರಪುರದ ಕಾರ್ಖಾನೆಯ ತರಬೇತಿ ಹಾಲ್. ಸಿಬ್ಬಂದಿಗೂ ಅವರ ಮನೆಯವರಿಗೂ ಎಂದು ಇಟ್ಟದ್ದು. ಮೊದಲು ಬಂದವರು ತಂತಿಯ ಕಾಯಿಲ್ ಸುತ್ತುವ ವಿಭಾಗದ ಹೆಂಗಸರು, ಪಾಳಿ ಮುಗಿಸಿ, ಸೀರೆಯ ಮೇಲೆ ತೊಟ್ಟ ನೀಲಿ ಕೋಟಿನಲ್ಲೇ. ಭಾಭಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದರು. ಗೌನುಗಳನ್ನು ನೋಡಿ ಹೆಂಗಸರು ನಕ್ಕರು, ಇದನ್ನುಟ್ಟು ಬಸ್ ಹತ್ತುವುದು ಹೇಗೆ ಎಂದರು. ಹಿಂದೆ ಬಂದರು. ಬಿಳಿ ಬಟ್ಟೆಯ ಮುಂದೆ ನಿಂತರು.

"ಇವಳು ಏನೂ ಕೆಲಸ ಮಾಡಿಲ್ವಾ?" ಎಂದು ಒಬ್ಬರು ಕೇಳಿದರು.

ಅಹಮದಾಬಾದಿನಿಂದ ನಮ್ಮ ಜೊತೆ ಬಂದಿದ್ದ ಅದೇ ವಿದ್ಯಾರ್ಥಿನಿ ಮುಂದೆ ಬಂದು ಹೇಳಿದಳು. ಯಾರೂ ತಲೆ ತಗ್ಗಿಸಲಿಲ್ಲ. ಬದಲಿಗೆ ಒಂದರ ಮೇಲೊಂದು ಪ್ರಶ್ನೆಗಳು ಬಂದವು. ಅವಳಿಗೆ ಹೇಗೆ ಗೊತ್ತಾಯ್ತು? ನೋವಿತ್ತಾ? ಗಂಟು ಅಂದರೆ ಎಷ್ಟು ದೊಡ್ಡದು? ಹುಡುಗಿ ತಬ್ಬಿಬ್ಬಾಗಿ ನನ್ನತ್ತ ನೋಡಿದಳು. ನಾನು ಏನು ಹೇಳಲಿ, ನಾನು ಬರೀ ಬಟ್ಟೆ ತೂಗುಹಾಕುವವಳು. ಆಗ ಹಿರಿಯ ಹೆಂಗಸೊಬ್ಬರು ಬಾಗಿಲ ಕಡೆ ತಿರುಗಿದರು.

"ಭಾಭಿ, ನೀವು ಹೇಳಿ. ಗಂಟು ನೋಯದೇ ಇದ್ದರೆ ಪರವಾಗಿಲ್ಲ ಅಲ್ವಾ?"

ಆ ಪ್ರಶ್ನೆಯನ್ನು ಆಕೆ ಸುಮ್ಮನೆ ಕೇಳಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಭಾಭಿಗೂ. ಅವರು ಒಳಗೆ ಬಂದು ಆಕೆಯ ಪಕ್ಕ ನಿಂತರು. ನೋವಿಲ್ಲದಿದ್ದರೂ ತೋರಿಸಲೇಬೇಕು ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡು, ಎಲ್ಲರನ್ನೂ ಉದ್ದೇಶಿಸಿ, ಪದವನ್ನು ನುಂಗದೆ ಹೇಳಿದರು. "ಸ್ತನದಲ್ಲಿ ಗಂಟು ಕಂಡರೆ ನಾಚಿಕೊಂಡು ಕೂರಬಾರದು. ಇಲ್ಲಿ ಯಾರಿಗಾದರೂ ಇದ್ದರೆ ಇವತ್ತೇ ನನಗೆ ಹೇಳಿ."

ಅಲ್ಲೇ ನಿಂತು ಫೋನ್ ತೆಗೆದು ತಮ್ಮ ಪರಿಚಯದ ಡಾಕ್ಟರಮ್ಮನನ್ನು ಕರೆದರು. ಅದೇ ಹಾಲಿನ ಪಕ್ಕದ ಕೋಣೆ ಖಾಲಿ ಮಾಡಿಸಿದರು, ಪರದೆ ತರಿಸಿದರು. ತಪಾಸಣೆಗೆ ಇಡೀ ಪಾಳಿಯ ಹೆಂಗಸರನ್ನು ಬಿಟ್ಟುಕೊಡಬೇಕೆಂದಾಗ ಶೇಠ್ ಬಂದರು.

"ಇದು ಕಾರ್ಖಾನೆ, ಆಸ್ಪತ್ರೆ ಅಲ್ಲ. ಇದನ್ನೆಲ್ಲ ತೀರ್ಮಾನಿಸೋಕೆ ಮ್ಯಾನೇಜರ್ ಇದ್ದಾನೆ. ನೀನು ಯಾಕೆ ಮಧ್ಯ ಬರ್ತೀಯ?"

"ಹಾಸ್ಟೆಲಿನಲ್ಲಿ ಜ್ವರ ಬಂದರೆ ನನ್ನ ಕೇಳ್ತೀರಿ. ಕೆಲಸದವನ ಮನೇಲಿ ಸಾವಾದರೆ ನನ್ನ ಕಳಿಸ್ತೀರಿ. ಆಗ ಮಧ್ಯ ಬಂದಿದ್ದು ಯಾರು?" ಎಂದರು ಭಾಭಿ. ದನಿ ಏರಲಿಲ್ಲ. "ಪರದೆ ಕಟ್ಟಿಯಾಗಿದೆ. ಪಾಳಿ ನೀವು ಹೊಂದಿಸಿಕೊಳ್ಳಿ."

ಶೇಠ್ ನನ್ನತ್ತ ನೋಡಿದ ನೋಟದಲ್ಲೇ ಈ ಪ್ರದರ್ಶನ ಮುಗಿದ ಮೇಲೆ ಅವರ ಕೆಲಸ ನಮಗೆ ಇನ್ನು ಬರುವುದಿಲ್ಲ ಎಂದು ಗೊತ್ತಾಯಿತು. ಬರಲೂ ಇಲ್ಲ. ಆ ಹಿರಿಯ ಹೆಂಗಸಿಗೆ ತಪಾಸಣೆಯಲ್ಲಿ ಏನು ಕಂಡಿತೆಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಅವರನ್ನು ಭಾಭಿಯ ಕಾರಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದದ್ದನ್ನು ಮಾತ್ರ ನೋಡಿದೆ. ಭಾಭಿ ಪಕ್ಕದಲ್ಲೇ ಕೂತಿದ್ದರು.

ವಡೋದರಾದಲ್ಲಿ ಚೌಕಟ್ಟುಗಳನ್ನು ಬಿಚ್ಚುವಾಗ ಭಾಭಿ ಬಂದು ನಿಂತರು.

"ಬರೆದಿದ್ದ ಬಟ್ಟೆ ಇದೆಯಾ, ಎಸೆದುಬಿಟ್ಟಿರಾ?"

"ಇದೆ ಭಾಭಿ."

ಹರಡಿ ತೋರಿಸಿದೆ. ಅವರು ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೆ ತೆಗೆದು ನೋಡಿದರು. ಸೂರತ್‌ನಲ್ಲಿ ಜಾಗ ಅವರ ತವರಿನ ಸಮಾಜದ ಸಭಾಭವನ. ಬರುವವರೆಲ್ಲ ಅವರ ಅತ್ತೆ, ಚಿಕ್ಕಮ್ಮ, ಅತ್ತಿಗೆಯರ ವಾರಿಗೆಯವರು.

"ಅಕ್ಷರ ಚಿಕ್ಕದಾಯ್ತು" ಎಂದರು. "ನಮ್ಮ ಮುದುಕಿಯರು ಮದುವೆಗೆ ಬಂದ ಹಾಗೆ ಬರ್ತಾರೆ, ಕನ್ನಡಕ ಮನೇಲಿ ಬಿಟ್ಟು. ಮತ್ತೆ ಮುದ್ರಿಸಿ."

ಪಾಂಡೇಸರಾಕ್ಕೆ ನಾನೇ ಹೋದೆ. ಈ ಸಲ ಮಂಡ್ಯದ ಹುಡುಗಿಯೂ ಜೊತೆ ಬಂದಳು. ಫಲಕದ ಬರಹವನ್ನು ಅವಳು ಅರ್ಧಕ್ಕೆ ಇಳಿಸಿದ್ದಳು. ಅಲಂಕಾರದ ಮಾತೆಲ್ಲ ಹೋಗಿ, ಆಕೆಗೆ ಏನಾಯಿತು, ಆಕೆ ಏನು ಹೇಳಿದಳು, ಕೇಳಿದವರು ಏನು ಮಾಡಿದರು ಎಂಬುದಷ್ಟೇ ಉಳಿದಿತ್ತು. ಪದಗಳು ಕಡಿಮೆಯಾದದ್ದರಿಂದ ಅಕ್ಷರಗಳಿಗೆ ಜಾಗ ಸಿಕ್ಕಿತು. ರೋಲರಿನಿಂದ ಬಟ್ಟೆ ಹೊರಬರುವಾಗ ಅವಳು ಆ ಸಾಲನ್ನು ಬಿಸಿಯಿರುವಾಗಲೇ ಮುಟ್ಟಿ, "ಸುಡ್ತಿದೆ ಕಣಕ್ಕ" ಎಂದು ನಕ್ಕಳು.

ಸೂರತ್‌ನಲ್ಲಿ ಉದ್ಘಾಟನೆಯ ದೀಪ ಹಚ್ಚಿದವರು ಭಾಭಿಯ ಅಣ್ಣ, ಆ ಸಮಾಜದ ಹಿರಿಯರು. ಅವರು ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಗೌನನ್ನೂ ಮೆಚ್ಚುತ್ತ, ಹಿಂದಕ್ಕೂ ಬಂದು ಓದುತ್ತ ನಡೆದರು. ಅವರ ಹಿಂದೆ ಹೆಂಗಸರ ಗುಂಪು. ಆ ಫಲಕದ ಮುಂದೆ ಅವರು ನಿಂತರು, ಗುಂಪೂ ನಿಂತಿತು. ನನ್ನ ಕೈಯಲ್ಲಿ ಚೌಕಟ್ಟಿನ ತಿರುಪು ಬಿಗಿಯುವ ಪಾನಾ ಇತ್ತು. ಬಿಚ್ಚು ಎಂದರೆ ಈ ಸಲ ಬಿಚ್ಚುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಅಣ್ಣ ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಇಷ್ಟು ದೊಡ್ಡದಾಗಿ ಬರೆಸಬೇಕಿತ್ತಾ?"

ಭಾಭಿ ದನಿ ತಗ್ಗಿಸಲಿಲ್ಲ.

"ಇನ್ನೂ ದೊಡ್ಡದು ಬೇಕಿತ್ತು ಭಾಯಿ. ಬಟ್ಟೆಯ ಅಗಲ ಸಾಲಲಿಲ್ಲ."